ನಿಲ್ಲುವ, ಮಲಗುವ ಟೀವಿ

ಮೊದಲೇ ಒಪ್ಪಿಕೊಂಡುಬಿಡುತ್ತೇನೆ, ನನಗೆ ಯಾರ ಮನೆಗೂ ಸುಮ್ಮನೆ ಹೋಗಲು ಬರುವುದಿಲ್ಲ. ಹೊಸ್ತಿಲ ಹತ್ತಿರ ನಿಂತ ಕೂಡಲೇ ಒಳಗಿನವರು ‘ಏನ್ ಬಂದಿದ್ದು?’ ಅಂತಾರೆ. ಪಾಪ, ಪ್ರೀತಿಯಿಂದಲೇ ಕೇಳುತ್ತಾರೆ. ನನಗೆ ಮಾತ್ರ ಅರ್ಜಿ ಮರೆತು ಅಮಲ್ದಾರರ ಎದುರು ನಿಂತ ಹಾಗಾಗುತ್ತದೆ. ಕೈಯಲ್ಲಿ ಒಂದು ಸ್ಕ್ರೂಡ್ರೈವರ್ರೋ, ವಾಪಸು ಕೊಡಬೇಕಾದ ಪಾತ್ರೆಯೋ ಇದ್ದರೆ ಸರಿ. ಬರಿಗೈಯಲ್ಲಿದ್ದರೆ ದಾರಿ ತಪ್ಪಿ ಬಂದವನಂತೆ ನಕ್ಕು ಹಿಂದಿರುಗುತ್ತೇನೆ.

ಹಿಂದಿನವರಿಗೆ ಈ ಕಷ್ಟ ಇರಲಿಲ್ಲ. ನಮ್ಮಜ್ಜಿಯ ಕಾಲದಲ್ಲಿ ಬೆಳಗಾದರೆ ಪಕ್ಕದ ಮನೆಗೆ ಕೆಂಡಕ್ಕೆ ಹೋಗಬೇಕಿತ್ತಂತೆ, ಮಧ್ಯಾಹ್ನ ಹೆಪ್ಪಿಗೆ. ಅಜ್ಜಿ ಕೆಂಡ ಹಿಡಿದುಕೊಂಡು ಬಾಗಿಲಲ್ಲೇ ಮಾತಿಗೆ ನಿಂತು, ಕೆಂಡ ಆರಿಹೋಗಿ, ಮತ್ತೊಂದು ಕೆಂಡಕ್ಕೆ ಒಳಗೆ ಹೋಗುತ್ತಿದ್ದರಂತೆ. ಬೆಂಕಿಪೊಟ್ಟಣ ಕಂಡುಹಿಡಿದ ಪುಣ್ಯಾತ್ಮ ಒಲೆ ಹೊತ್ತಿಸುವುದನ್ನು ಸುಲಭ ಮಾಡಿದ, ನಿಜ. ಹೆಂಗಸರ ಒಂದು ಒಳ್ಳೆಯ ನೆಪವನ್ನು ಕಿತ್ತುಕೊಂಡದ್ದು ಅವನಿಗೆ ಗೊತ್ತೇ ಆಗಿರಲಿಕ್ಕಿಲ್ಲ.

ನನ್ನ ನೆಪವನ್ನು ಕಿತ್ತುಕೊಂಡದ್ದು ಟೀವಿ. ಅಜ್ಜಂಪುರದ ಸ್ಟೇಷನ್ ರಸ್ತೆಯಲ್ಲಿ ನನ್ನದೊಂದು ರೇಡಿಯೋ ರಿಪೇರಿ ಅಂಗಡಿ. ಎಪ್ಪತ್ತರ ದಶಕದಲ್ಲಿ ಅದರ ಬೆಂಚು ಖಾಲಿ ಇದ್ದದ್ದೇ ಇಲ್ಲ. ರೇಡಿಯೋ ತಂದವರನ್ನು ‘ಒಂದ್ ಗಳಿಗೆ ಕೂತ್ಕಳಿ’ ಅಂದರೆ ಸಾಕು, ಮಗಳ ಮದುವೆಯಿಂದ ಹಿಡಿದು ಎಮ್ಮೆದೊಡ್ಡಿ ಕಾವಲಿನ ಹೋರಿಗಳ ತನಕ ಮಾತು ಹರಿಯುತ್ತಿತ್ತು. ನಾನು ಹತ್ತು ನಿಮಿಷದ ಬೆಸುಗೆಯನ್ನು ಮುಕ್ಕಾಲು ಗಂಟೆಗೆ ಎಳೆಯುತ್ತಿದ್ದೆ. ಎಂಬತ್ತರ ದಶಕದ ನಡುವೆ ಮನೆಮನೆಯ ಮೇಲೆ ಆಂಟೆನಾ ಎದ್ದಿತು, ರೇಡಿಯೋಗಳು ಅಟ್ಟ ಸೇರಿದವು, ಬೆಂಚಿನ ಮೇಲೆ ಧೂಳು ಕೂತಿತು. ಮದುವೆಯಾಗದವನು ನಾನು. ಅಮ್ಮನೂ ಹೋಗಿಬಿಟ್ಟಿದ್ದಳು. ಒಂದು ದಿನ ಸಂಜೆ ಅಂಗಡಿ ಬಾಗಿಲು ಹಾಕುವಾಗ, ಬೆಳಗಿನಿಂದ ಒಂದೇ ಒಂದು ಮಾತೂ ಆಡಿಲ್ಲ ಅನ್ನುವುದು ನೆನಪಾಗಿ ‘ಸಿದ್ರಾಮಣ್ಣ, ಊಟ ಆಯ್ತಾ?’ ಅಂತ ನನ್ನನ್ನು ನಾನೇ ಕೇಳಿಕೊಂಡೆ. ಸಂಕಟವಾಯಿತು.

ಬಿಡಿಭಾಗ ತರಲು ಬೆಂಗಳೂರಿಗೆ ಹೋದಾಗ ಒಂದು ವಸ್ತುಪ್ರದರ್ಶನದಲ್ಲಿ ವಿಡಿಯೋ ಗೇಮಿನ ಪೆಟ್ಟಿಗೆ ನೋಡಿದೆ. ಎದೆಯೆತ್ತರದ ಪೆಟ್ಟಿಗೆ, ಒಳಗೊಂದು ಟೀವಿ, ಮುಂದೆ ಎರಡು ಹಿಡಿ. ಒಬ್ಬರಿಗೊಬ್ಬರು ಗುರುತಿಲ್ಲದ ಇಬ್ಬರು ಹೆಗಲಿಗೆ ಹೆಗಲು ತಾಗಿಸಿ ಆಡುತ್ತಿದ್ದರು. ಸೋತವನು ಗೆದ್ದವನ ಬೆನ್ನಿಗೆ ಗುದ್ದಿ ನಕ್ಕ. ಯಾರೂ ಯಾರನ್ನೂ ‘ಏನ್ ಬಂದಿದ್ದು?’ ಅಂತ ಕೇಳಲಿಲ್ಲ. ಇಂಥದ್ದೊಂದು ಅಜ್ಜಂಪುರದಲ್ಲಿದ್ದರೆ ನನ್ನ ಬೆಂಚು ಮತ್ತೆ ತುಂಬುತ್ತದೆ ಅಂತ ಅಲ್ಲೇ ತೀರ್ಮಾನ ಮಾಡಿಬಿಟ್ಟೆ.

ಗುಜರಿಯಲ್ಲಿ ಎರಡು ವಿಡಿಯೋ ಆಟಗಳ ಸರ್ಕಿಟ್ ಬೋರ್ಡು ಸಿಕ್ಕವು. ಕಡೂರಿನಲ್ಲಿ ಯಾರೋ ಬೇಡವೆಂದ ಕಪ್ಪು ಬಿಳುಪು ಟೀವಿ ಸಿಕ್ಕಿತು. ತೊಡಕಾದದ್ದು ಆಮೇಲೆ. ಒಂದು ಆಟದಲ್ಲಿ ಚೆಂಡು ಎಡಕ್ಕೂ ಬಲಕ್ಕೂ ಓಡುತ್ತದೆ, ಅದಕ್ಕೆ ಟೀವಿ ಎಂದಿನಂತೆ ಅಡ್ಡ ಮಲಗಿರಬೇಕು. ಇನ್ನೊಂದರಲ್ಲಿ ಮೇಲಿನಿಂದ ಶತ್ರುಗಳ ವಿಮಾನಗಳು ಇಳಿಯುತ್ತವೆ, ಅದಕ್ಕೆ ಟೀವಿ ಉದ್ದಕ್ಕೆ ನಿಲ್ಲಬೇಕು. ಇರುವುದು ಒಂದೇ ಟೀವಿ. ಅಂದಮೇಲೆ ಅದು ತಿರುಗಲೇಬೇಕು.

ತಿರುಗಿಸುವ ವಿದ್ಯೆ ಹುಡುಕಿಕೊಂಡು ತರೀಕೆರೆಯ ಬಡಗಿ ಕಾಳಾಚಾರ್ರ ಹತ್ತಿರ ಹೋದೆ. ಗಾಡಿಚಕ್ರ ಮಾಡುವುದರಲ್ಲಿ ಎತ್ತಿದ ಕೈ. ಆದರೆ ಗಾಡಿಗಳಿಗೆಲ್ಲ ಟೈರು ಬಂದು, ಅವರ ಅಂಗಳವೂ ನನ್ನ ಬೆಂಚಿನ ಹಾಗೇ ಆಗಿತ್ತು.

‘ಟೀವೀನ ಎತ್ತಿ ನಿಲ್ಲುಸ್ಬೇಕಾ? ಅದೇನ್ ಕೂಸಾ, ನಿಂತ್ಕಳೋದು ಕಲ್ಸಕ್ಕೆ?’ ಅಂದರು.

ನಕ್ಕರೂ ಕೆಲಸ ಹಿಡಿದರು. ಹಳೇ ಗಾಡಿಚಕ್ರದ ನಡುವಿನ ಗುಂಬ ಬಿಚ್ಚಿ, ಅದಕ್ಕೊಂದು ದುಂಡು ಹಲಗೆ ಕೂರಿಸಿ, ಹಲಗೆಗೆ ಟೀವಿ ಬಿಗಿದು, ಅಚ್ಚು ತೂರುವ ತೂತಿನಲ್ಲಿ ವೈರು ತೂರಿಸುವುದು ಅಂತ ಲೆಕ್ಕಾಚಾರ. ಪ್ರತಿ ಗುರುವಾರ ಅಂಗಡಿಗೆ ರಜೆ ಹಾಕಿ ತರೀಕೆರೆ ಬಸ್ಸು ಹತ್ತುತ್ತಿದ್ದೆ. ಅವರು ಉಳಿ ಹಿಡಿದು ಮಾತಾಡುತ್ತಿದ್ದರು, ನಾನು ಹಲಗೆ ಹಿಡಿದು ಕೇಳುತ್ತಿದ್ದೆ. ಮಧ್ಯಾಹ್ನ ಅವರೇ ಮಾಡಿದ ಮುದ್ದೆ. ಅವರ ಹೆಂಡತಿ ತೀರಿಕೊಂಡು ಬಹಳ ವರ್ಷವಾಗಿದ್ದರಿಂದ ಮುದ್ದೆಗೆ ಗಂಡಸರ ಕೈಯ ಗಂಟು ಇರುತ್ತಿತ್ತು. ಮೂರು ತಿಂಗಳಾದರೂ ಪೆಟ್ಟಿಗೆ ಮುಗಿಯಲಿಲ್ಲ. ಇಬ್ಬರಿಗೂ ಅವಸರವಿರಲಿಲ್ಲ.

ಆದರೂ ಒಂದು ದಿನ ಮುಗಿದೇ ಹೋಯಿತು. ಅಂಗಡಿಯಲ್ಲಿ ಪೆಟ್ಟಿಗೆಗೆ ಕುಂಕುಮ ಇಟ್ಟು, ಕಾಯಿ ಒಡೆದೆ. ಮಂಡಿಯ ಗುಮಾಸ್ತರು, ಸ್ಟೇಷನ್ನಿನವರು ಬಂದರು, ಆಡಿದರು, ಕೂಗಾಡಿದರು. ನನ್ನ ಎದೆ ಉಬ್ಬಿತು. ಮೂರನೇ ದಿನ ಪರದೆ ಕಪ್ಪಾಯಿತು. ಬಿಚ್ಚಿ ನೋಡಿದರೆ ಗುಂಬದೊಳಗೆ ವೈರು ತುಂಡಾಗಿದೆ. ಗುಂಬದ ತೂತು ಕಿರಿದಾಗಿ ಉಜ್ಜಿ ಹರಿದಿರಬೇಕು ಅಂದುಕೊಂಡು, ಅದನ್ನು ಹಲಗೆ ಸಮೇತ ದುಪ್ಪಟಿಯಲ್ಲಿ ಸುತ್ತಿ ತರೀಕೆರೆ ಬಸ್ಸು ಹತ್ತಿದೆ. ಕಂಡಕ್ಟರು ‘ಎತ್ತುಗಳ್ನ ಎಲ್ಲಿ ಬಿಟ್ ಬಂದ್ರಿ ಯಜಮಾನ್ರೇ?’ ಅಂದ. ಆಚಾರ್ರು ತೂತನ್ನು ಅಗಲ ಮಾಡಿದರು. ಹೊಸ ವೈರು ಹಾಕಿದೆ. ಅದೂ ಹರಿಯಿತು. ತೂತಿನ ಅಂಚು ನಯ ಮಾಡಿದರು. ಮತ್ತೂ ಹರಿಯಿತು. ಅಷ್ಟರಲ್ಲಿ ‘ಕೆಟ್ಟೋಗೋ ಮಿಷನ್ನು’ ಅಂತ ಊರೆಲ್ಲ ಹೆಸರಾಗಿ ಜನ ಬರುವುದು ನಿಂತಿತು. ನಾನೊಬ್ಬನೇ ಬಲಗೈಯಲ್ಲಿ ಒಂದು ಹಿಡಿ, ಎಡಗೈಯಲ್ಲಿ ಇನ್ನೊಂದು ಹಿಡಿದು ಚೆಂಡಾಡುತ್ತಿದ್ದೆ. ಪ್ರತಿ ಸಲವೂ ಎಡಗೈ ಸೋಲುತ್ತಿತ್ತು. ಸೋತ ಕೈಗೆ ಸಮಾಧಾನ ಹೇಳುವ ಮಟ್ಟಕ್ಕೆ ಬಂದಿದ್ದೆ ಅಂದರೆ ನನ್ನ ಸ್ಥಿತಿ ನೀವೇ ಊಹಿಸಿ.

ಮೂರನೇ ಸಲ ಹೋದಾಗ ಆಚಾರ್ರು ಹಲಗೆಯನ್ನು ಕೆಳಗಿಟ್ಟು, ‘ನೀವು ಟೀವೀನ ಹೆಂಗ್ ತಿರುಗುಸ್ತೀರಿ, ಒಂದ್ಸಲ ತಿರುಗ್ಸಿ ತೋರ್ಸಿ’ ಅಂದರು.

ತೋರಿಸಿದೆ. ಬಲಕ್ಕೆ ಕಾಲು ಸುತ್ತು, ಟೀವಿ ನಿಂತಿತು ಅಂತ ಲೆಕ್ಕ. ಮತ್ತೆ ಬಲಕ್ಕೆ ಕಾಲು ಸುತ್ತು, ಮಲಗಿತು, ಆದರೆ ತಲೆಕೆಳಗಾಗಿ. ಅದಕ್ಕೆ ಚಿತ್ರ ಮಗುಚುವ ಸ್ವಿಚ್ಚು ಬೇರೆ ಹಾಕಿದ್ದೆ, ನನ್ನ ಜಾಣತನಕ್ಕೆ! ಮತ್ತೆ ಬಲಕ್ಕೆ. ನಾನಷ್ಟೇ ಅಲ್ಲ, ಅಂಗಡಿಗೆ ಬಂದ ಒಬ್ಬನೂ ಅದನ್ನು ಎಡಕ್ಕೆ ತಿರುಗಿಸಿರಲಿಲ್ಲ. ಹೇಗೆ ತಿರುಗಿಸುತ್ತಾರೆ? ಆರತಿ ಎತ್ತುವುದು ಬಲಕ್ಕೆ, ಗುಡಿ ಸುತ್ತುವುದು ಬಲಕ್ಕೆ. ಅದರಲ್ಲೂ ಕುಂಕುಮ ಇಟ್ಟ ಪೆಟ್ಟಿಗೆ. ಅದಕ್ಕೆ ಯಾರು ಅಪ್ರದಕ್ಷಿಣೆ ಹಾಕಿಯಾರು? ಹೀಗೆ ಊರವರೆಲ್ಲ ಸೇರಿ ಭಕ್ತಿಯಿಂದ ನನ್ನ ವೈರನ್ನು ಹಗ್ಗದಂತೆ ಹೊಸೆದುಬಿಟ್ಟಿದ್ದರು. ಇಪ್ಪತ್ತು ವರ್ಷ ವೈರಿನ ಜೊತೆ ಸಂಸಾರ ಮಾಡಿದ ನನಗೆ ಇದು ಹೊಳೆಯಲಿಲ್ಲ ನೋಡಿ.

ಆಚಾರ್ರು ಜೇಬಿನಿಂದ ಹೆಬ್ಬೆರಳಿನಷ್ಟು ಉದ್ದದ ಒಂದು ಗೂಟ ತೆಗೆದರು. ‘ಇದನ್ನ ಇಲ್ಲಿ ಹೊಡೀರಿ. ಕಾಲು ಸುತ್ತಿಗೇ ಹಲಗೆ ತಡೀತೈತೆ, ಎಡಕ್ಕೇ ವಾಪಸ್ ಬರ್ಬೇಕು. ವೈರು ಹೊಸ್ಕಳಲ್ಲ. ಪ್ರದಕ್ಷಿಣೆ ದೇವ್ರಿಗೆ ಸಾಕು ಕಣ್ರೀ, ಟೀವಿಗ್ ಬ್ಯಾಡ.’

ಗೂಟಕ್ಕೆ ಎಣ್ಣೆ ಹಚ್ಚಿ ನಯ ಮಾಡಿತ್ತು. ಜೇಬಿನಲ್ಲಿ ಬಹಳ ದಿನ ಇದ್ದುದರಿಂದ ನಶ್ಯದ ವಾಸನೆ ಹೊಡೆಯುತ್ತಿತ್ತು.

‘ಆಚಾರ್ರೇ, ಇದನ್ನ ಯಾವಾಗ ಮಾಡಿದ್ರಿ?’

‘ನೀವು ಮೊದಲ್ನೇ ಸಲ ವೈರು ಹರ್ಕಂಡು ಬಂದ್ರಲ್ಲ, ಅವತ್ತೇ.’

‘ಮತ್ತೆ ಹೇಳ್ಲೇ ಇಲ್ಲ?’

ಅವರು ಹಲಗೆಯ ಮೇಲಿನ ಹೊಟ್ಟನ್ನು ಊದಿದರು. ‘ಹೇಳಿದ್ರೆ ನೀವು ಮತ್ತೆ ಬತ್ತಿದ್ರಾ?’

ವಾಪಸು ಬಸ್ಸಿನಲ್ಲಿ ದಾರಿಯುದ್ದಕ್ಕೂ ಗೂಟವನ್ನು ಮುಷ್ಟಿಯಲ್ಲಿ ಹಿಡಿದು ಕೂತಿದ್ದೆ. ಹೊಡೆದರೆ ಪೆಟ್ಟಿಗೆ ಸರಿಹೋಗುತ್ತದೆ, ತರೀಕೆರೆ ತಪ್ಪುತ್ತದೆ. ಹೊಡೆಯದಿದ್ದರೆ ವೈರು ಹರಿಯುತ್ತಲೇ ಇರುತ್ತದೆ, ಆಚಾರ್ರೂ ಇರುತ್ತಾರೆ. ಎರಡು ದಿನ ಗೂಟ ಮೇಜಿನ ಮೇಲೇ ಬಿದ್ದಿತ್ತು. ಮೂರನೇ ದಿನ, ನನ್ನ ವಯಸ್ಸಿಗೆ ನನಗೇ ನಾಚಿಕೆಯಾಗಿ, ಹೊಡೆದೇಬಿಟ್ಟೆ. ಆಮೇಲೆ ವೈರು ಹರಿಯಲಿಲ್ಲ.

ಗುರುವಾರ ಬಂತು. ಅಂಗಡಿ ಬಾಗಿಲು ಹಾಕಿ ತರೀಕೆರೆ ಬಸ್ಸು ಹತ್ತಿದೆ. ಬಸ್‌ಸ್ಟ್ಯಾಂಡಿನಿಂದ ಅವರ ಅಂಗಳಕ್ಕೆ ನಡೆಯುವಾಗ ಕೈ ಎಲ್ಲಿಡಬೇಕೋ ತಿಳಿಯದೆ ಒಮ್ಮೆ ಹಿಂದೆ ಕಟ್ಟಿದೆ, ಒಮ್ಮೆ ಜೇಬಿಗೆ ಹಾಕಿದೆ. ಎರಡು ಸಲ ವಾಪಸು ತಿರುಗಿದೆ.

ಆಚಾರ್ರು ನನ್ನ ಖಾಲಿ ಕೈ ನೋಡಿದರು. ‘ಏನ್ ಬಂದಿದ್ದು ಸಿದ್ರಾಮಣ್ಣ? ಮತ್ತೇನ್ ಕೆಟ್ಟೋಯ್ತು?’

‘ಏನೂ ಕೆಟ್ಟಿಲ್ಲ ಆಚಾರ್ರೇ’ ಅಂದೆ. ‘ಸುಮ್ನೆ ಬಂದೆ.’

ಅವರು ಉಳಿ ಕೆಳಗಿಟ್ಟು, ಮುದ್ದೆಗೆ ಇನ್ನೊಂದು ಲೋಟ ನೀರು ಜಾಸ್ತಿ ಇಡಲು ಒಳಗೆ ಎದ್ದುಹೋದರು.