ಎಡ ಅಂಗೈ

ನಮ್ಮ ಮನೆಯವರಿಗೆ ಲಕ್ವಾ ಹೊಡೆದದ್ದು ಬೆಳಗಿನ ಲಿಂಗಪೂಜೆಯ ಹೊತ್ತಿನಲ್ಲಿ. ಜಳಕ ಮುಗಿಸಿ, ಹಣೆಗೆ ವಿಭೂತಿ ಹಚ್ಚಿ, ಕೊರಳಿನ ಕರಡಿಗೆಯಿಂದ ಇಷ್ಟಲಿಂಗ ತೆಗೆದು ಎಡ ಅಂಗೈ ಮೇಲೆ ಇಟ್ಟುಕೊಂಡಿದ್ದರು. ನಾನು ಒಲೆಯ ಮುಂದೆ ರೊಟ್ಟಿ ಬಡಿಯುತ್ತಿದ್ದೆ. ತಂಬಿಗೆ ಉರುಳಿದ ಸಪ್ಪಳ ಕೇಳಿ, ಇಷ್ಟು ವಯಸ್ಸಾದರೂ ಒಂದು ತಂಬಿಗೆ ನೆಟ್ಟಗೆ ಇಡಲು ಬರುವುದಿಲ್ಲ ಎಂದು ಒಳಗಿನಿಂದಲೇ ಬೈದೆ. ಹಿಟ್ಟಿನ ಕೈಯಲ್ಲೇ ಎದ್ದೆ. ಹೋಗಿ ನೋಡಿದರೆ ಬಾಯಿ ಒಂದು ಕಡೆ ಸೊಟ್ಟಗಾಗಿದೆ, ಎಡಗೈ ತೊಡೆಯ ಮೇಲೆ ಸುಮ್ಮನೆ ಬಿದ್ದಿದೆ. ಮಡಿಲಿಗೆ ಜಾರಿದ್ದ ಲಿಂಗವನ್ನು ಬಲಗೈಯಿಂದ ತಡಕಾಡಿ ಮುಷ್ಟಿಯಲ್ಲಿ ಹಿಡಿದುಕೊಂಡವರು, ಮುರಗೋಡದಿಂದ ಬೈಲಹೊಂಗಲ, ಅಲ್ಲಿಂದ ಹುಬ್ಬಳ್ಳಿ ದವಾಖಾನೆ ಮುಟ್ಟುವ ತನಕ ಆ ಮುಷ್ಟಿ ಬಿಚ್ಚಲಿಲ್ಲ.

ಜೀವ ಉಳಿಯಿತು. ಮನೆಗೆ ಬಂದ ಮೇಲೆ ಮಾತು ನಿಧಾನವಾಗಿ ತಿಳಿಯಾಯಿತು. ಕೋಲು ಹಿಡಿದು ಅಂಗಳದ ತನಕ ನಡೆದರು, ಮುಂದೆ ಹೊಲದ ಬದುವಿನ ತನಕವೂ ಹೋದರು. ಎಡಗೈ ಮಾತ್ರ ಬರಲಿಲ್ಲ. ಬೇರೆಯವರಾಗಿದ್ದರೆ ಬಲಗೈ ಗಟ್ಟಿಯಿದೆಯಲ್ಲ, ಉಣ್ಣಬಹುದು, ಬರೆಯಬಹುದು, ಸಾಕು ಎನ್ನುತ್ತಿದ್ದರು. ನಮ್ಮವರಿಗೆ ಬೇಕಾಗಿದ್ದದ್ದೇ ಎಡಗೈ. ನಮ್ಮಲ್ಲಿ ಲಿಂಗಕ್ಕೆ ಎಡ ಅಂಗೈಯೇ ಪೀಠ. ಅದರ ಮೇಲೆ ಲಿಂಗವಿಟ್ಟು ಬಲಗೈಯಿಂದ ನೀರು ಎರೆಯಬೇಕು, ಬಿಲ್ವದ ಪತ್ರಿ ಏರಿಸಬೇಕು. ಒಬ್ಬರ ಲಿಂಗಕ್ಕೆ ಇನ್ನೊಬ್ಬರ ಕೈ ತಾಗಬಾರದು ಎಂಬುದು ಅವರ ಅಜ್ಜ ಹಾಕಿಕೊಟ್ಟ ನೇಮ. ನನ್ನ ಕೊರಳಲ್ಲೂ ನನ್ನ ಲಿಂಗ ಇದೆ. ಮದುವೆಯಾದಾಗಿನಿಂದ ಅವರದನ್ನು ನಾನು ಮುಟ್ಟಿರಲಿಲ್ಲ, ನನ್ನದನ್ನು ಅವರು ಮುಟ್ಟಿರಲಿಲ್ಲ.

ಪೂಜೆಯಾಗದೆ ರೊಟ್ಟಿ ಮುರಿಯುವವರಲ್ಲ ಅವರು. ದವಾಖಾನೆಯಲ್ಲಿ ಮೂಗಿನ ನಳಿಗೆಯಿಂದ ಹೊಟ್ಟೆಗೆ ಹೋದದ್ದು ಲೆಕ್ಕಕ್ಕಿಲ್ಲ, ಮನೆಯಲ್ಲಿ ನಡೆಯುವುದಿಲ್ಲ ಎಂದರು. ತಾಟಿನಲ್ಲಿ ಇಟ್ಟುಕೊಳ್ಳಿ, ದೇವರೇನು ಸಿಟ್ಟಾಗುವುದಿಲ್ಲ ಎಂದೆ. ತೊದಲುವ ನಾಲಿಗೆಯಲ್ಲೂ ಜವಾಬು ತಯಾರಿತ್ತು.

"ತಾಟ ನನ್ನ ಅಂಗೈ ಏನ?"

ನನಗೆ ಸಿಟ್ಟು ನೆತ್ತಿಗೇರಿತು. ಗಂಡಸು ಸತ್ತು ಬದುಕಿ ಬಂದಿದ್ದಾನೆ, ಹಟ ಮಾತ್ರ ಹುಬ್ಬಳ್ಳಿಗೆ ಹೋಗಿ ಹಂಗೇ ವಾಪಸು ಬಂದಿದೆ ಎಂದು ಬಾಯಿಗೆ ಬಂದದ್ದು ಅಂದೆ. ಕೊನೆಗೆ ಕರಡಿಗೆಗೇ ಬಲಗೈ ಮುಗಿದು, ಕಣ್ಣು ಮುಚ್ಚಿ, ಅದನ್ನೇ ಪೂಜೆ ಎಂದು ತಿಳಿದು ಉಣ್ಣತೊಡಗಿದರು. ಉಣ್ಣುವಾಗ ಮುಖ ಎತ್ತುತ್ತಿರಲಿಲ್ಲ. ಅದನ್ನು ನೋಡಲು ನನಗೆ ಬಹಳ ಸಂಕಟವಾಗುತ್ತಿತ್ತು.

ಇನ್ನು ನೋಡಲು ಬಂದವರ ಕಥೆ. ಊರಿಗೆ ಊರೇ ವೈದ್ಯರಾಯಿತು. ಒಬ್ಬರು ಎಣ್ಣೆ ತಂದರು, ಒಬ್ಬರು ತಾಯಿತ ತಂದರು. ಒಬ್ಬ ಮಹಾರಾಯ ಪಾರಿವಾಳದ ಬಿಸಿ ರಕ್ತ ಹಚ್ಚಬೇಕು ಎಂದ. ಉಳ್ಳಾಗಡ್ಡಿಯೂ ಒಲೆ ಏರದ ಸೋಮವಾರ, ನಮ್ಮ ಪಡಸಾಲೆಯಲ್ಲಿ ಕೂತು ಆಡಿದ ಮಾತು ಅದು. ಚಹಾ ಕುಡಿಸಿ, ಚಪ್ಪಲಿ ತೋರಿಸಿ ಕಳಿಸಿದೆ. ಚಪ್ಪಲಿ ಅವನದೇ, ಹೊಸ್ತಿಲ ಬಳಿ ಇದ್ದವು. ಎಲ್ಲರೂ ಹೇಳಿದ ಒಂದೇ ಮಾತೆಂದರೆ ರಬ್ಬರಿನ ಚೆಂಡು ಹಿಸುಕಿಸಿ, ಕೈಗೆ ಬಲ ಬರುತ್ತದೆ ಎಂಬುದು. ಬಂದವರೆಲ್ಲ ಬಾಳೆಹಣ್ಣಿನ ಜತೆಗೆ ಚೆಂಡೂ ತಂದರು. ಮೊಮ್ಮಕ್ಕಳಿಗೆ ಹಬ್ಬವಾಯಿತು.

ಹೀಗಿರುವಾಗ ಒಂದು ದಿನ ಅವರು ಎಡಗೈ ಬೆರಳುಗಳನ್ನು ಬಲಗೈಯಿಂದ ಒಂದೊಂದಾಗಿ ಎಬ್ಬಿಸಿ, ಅಂಗೈಯಲ್ಲಿ ಲಿಂಗ ಇಟ್ಟರು. ಬಲಗೈ ತೆಗೆದದ್ದೇ ತಡ, ಬೆರಳುಗಳು ತಾವಾಗಿಯೇ ಮಡಚಿ ಲಿಂಗವನ್ನು ಗಟ್ಟಿಯಾಗಿ ಹಿಡಿದವು. ನಾವಿಬ್ಬರೂ ಬಾಯಿ ತೆರೆದು ನೋಡಿದೆವು. ಶಿವ ಕೈ ಹಿಡಿದ, ಶಕ್ತಿ ಬಂತು ಎಂದು ನಾನು ಓಣಿಗೆಲ್ಲ ಸಾರಿ ಬಂದೆ. ರಾಮದುರ್ಗದ ನಾದಿನಿಗೆ ಫೋನು ಹೋಯಿತು, ಸವದತ್ತಿಯ ಮೈದುನನಿಗೆ ಹೋಯಿತು. ಓಣಿಯ ಹೆಣ್ಣುಮಕ್ಕಳು ಬಂದು ಆ ಮುಷ್ಟಿಗೆ ನಮಸ್ಕಾರ ಮಾಡಿ ಹೋದರು. ದಿನಾ ಬೆಳಗ್ಗೆ ಹಾಗೇ ನಡೆಯಿತು. ಮುಷ್ಟಿ ದಿನದಿಂದ ದಿನಕ್ಕೆ ಬಿಗಿಯಾಗುತ್ತ ಹೋಯಿತು, ನಮ್ಮ ಸಂತೋಷವೂ ಹೆಚ್ಚುತ್ತ ಹೋಯಿತು. ಲಿಂಗ ಕಾಣಿಸುತ್ತಲೇ ಇಲ್ಲ, ನೀರು ಎರೆಯುವುದು ಯಾವುದಕ್ಕೆ ಎಂದು ಯಾರೂ ಕೇಳಲಿಲ್ಲ.

ಬೈಲಹೊಂಗಲದಲ್ಲಿ ವ್ಯಾಯಾಮ ಮಾಡಿಸುವ ಫಿಜಿಯೋ ಹುಡುಗಿಯ ಮುಂದೆ ನಾನು ಇದನ್ನು ಬಹಳ ಹೆಮ್ಮೆಯಿಂದ ತೋರಿಸಿದೆ. ಅವಳು ಆ ಮುಷ್ಟಿಯನ್ನು ತನ್ನ ಎರಡೂ ಕೈಯಲ್ಲಿ ಹಿಡಿದು, ಅವರ ಮುಖ ನೋಡಿ, ಆಮೇಲೆ ನನ್ನ ಮುಖ ನೋಡಿದಳು.

"ಅಕ್ಕಾರ, ಇದು ಬಲ ಅಲ್ರಿ, ಬಿಗುವು. ಮುಚ್ಚೂದು ತಾನ ಆಗ್ತೈತಿ. ಅವ್ರಿಗೆ ಕಲಿಬೇಕಾಗಿದ್ದು ತೆರಿಯೂದು."

ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ ಅನ್ನುತ್ತಾರಲ್ಲ, ಹಾಗಾಯಿತು. ಚೆಂಡು ಬಿಡಿ ಎಂದಳು, ಬೆರಳು ಎಳೆದು ಬಿಡಿಸಬೇಡಿ ಎಂದಳು. ಮಣಿಕಟ್ಟು ಮೊದಲು ಕೆಳಗೆ ಬಾಗಿಸಬೇಕು, ಹೆಬ್ಬೆರಳು ಮೆಲ್ಲಗೆ ಹೊರಗೆ ತರಬೇಕು, ಆಗ ಉಳಿದ ಬೆರಳು ತಾವೇ ಸಡಿಲವಾಗುತ್ತವೆ ಎಂದು ತೋರಿಸಿಕೊಟ್ಟಳು. ಬಸ್ಸಿನಲ್ಲಿ ವಾಪಸು ಬರುವಾಗ ಅವರು ಕಿಟಕಿ ಕಡೆಗೇ ಮುಖ ಮಾಡಿ ಕೂತಿದ್ದರು. ಓಣಿಯವರಿಗೆ ಏನು ಹೇಳುವುದು ಎಂಬ ಚಿಂತೆ ನನಗೆ.

ಆ ವಾರವೇ ಸವದತ್ತಿಯಿಂದ ಮೈದುನ ಬಂದ. ಅಣ್ಣನ ಮೇಲೆ ಪ್ರಾಣ ಇಟ್ಟವನು. ಮೊಬೈಲಿನಲ್ಲಿ ಒಂದು ವಿಡಿಯೋ ತಂದಿದ್ದ. ದೂರದ ದೊಡ್ಡ ಊರಿನ ಆಸ್ಪತ್ರೆ. ಸೊಂಟದ ಎಲುಬಿನೊಳಗಿನ ಮಜ್ಜೆ ತೆಗೆದು, ಅದರಿಂದ ಸ್ಟೆಮ್ ಸೆಲ್ ಎಂಬ ಮೂಲಕಣ ಬೇರೆ ಮಾಡಿ, ಬೆನ್ನಿನೊಳಗೆ ಸೂಜಿಯಿಂದ ಬಿಡುತ್ತಾರಂತೆ, ಅದಕ್ಕೆ ಲಕ್ಷಗಟ್ಟಲೆ ದುಡ್ಡಂತೆ. ಲಕ್ವಾ ಹೊಡೆದವನೊಬ್ಬ ವಿಡಿಯೋದಲ್ಲಿ ಕೈ ಎತ್ತಿ, ಐದೂ ಬೆರಳು ಅರಳಿಸಿ ತೋರಿಸಿದ. ನಮ್ಮವರು ಅದನ್ನು ಮತ್ತೆ ಮತ್ತೆ ಹಾಕಿಸಿಕೊಂಡು ನೋಡಿದರು. ಮುಖದ ಮೇಲೆ ಎಷ್ಟೋ ತಿಂಗಳಿಂದ ಕಾಣದ ಕಳೆ ಬಂತು. ಸುಳ್ಳೇಕೆ, ನನಗೂ ಆಸೆ ಹುಟ್ಟಿತು. ಆ ಅಂಗೈ ಹಾಗೆ ಅರಳುವುದಾದರೆ ಯಾವ ಊರಿಗಾದರೂ ಹೋಗಲು ನಾನು ತಯಾರಿದ್ದೆ.

ಹೋಗುವ ಮೊದಲು ಹುಬ್ಬಳ್ಳಿಯ ಮೆದುಳಿನ ಡಾಕ್ಟರರನ್ನು ಒಂದು ಮಾತು ಕೇಳೋಣ ಎಂದೆ. ನನಗೆ ಬೇಕಾಗಿದ್ದದ್ದು ಸಲಹೆ ಅಲ್ಲ, ಹೂಂ ಎಂಬ ಮಾತು. ಅವರು ಹೂಂ ಎನ್ನಲಿಲ್ಲ. ಇದರ ಮೇಲೆ ಬೇರೆ ಬೇರೆ ದೇಶಗಳಲ್ಲಿ ಸಂಶೋಧನೆ ನಡೆದಿದೆ, ಮುಂದೊಂದು ದಿನ ಉಪಯೋಗಕ್ಕೆ ಬಂದರೂ ಬರಬಹುದು, ಆದರೆ ಲಕ್ವಾದ ನಂತರ ಇದರಿಂದ ಕೈ ಬರುತ್ತದೆ ಎಂದು ಇನ್ನೂ ಸಾಬೀತಾಗಿಲ್ಲ ಎಂದರು. ಸಂಶೋಧನೆಯ ಸರಿಯಾದ ಪರೀಕ್ಷೆಗೆ ಸೇರಿಸಿಕೊಳ್ಳುವವರು ರೋಗಿಯಿಂದ ದುಡ್ಡು ಕೇಳುವುದಿಲ್ಲ, ಕೈ ಬರಿಸುತ್ತೇವೆ ಎಂದು ಮಾತೂ ಕೊಡುವುದಿಲ್ಲ. ಸೂಜಿಯಿಂದ ಸೋಂಕೂ ತಗುಲಬಹುದು ಎಂದರು. ಆಗ ನಮ್ಮವರು ತಾವಾಗಿಯೇ ಬಾಯಿ ಬಿಟ್ಟರು. ರೈತನಲ್ಲವೇ, ಕೇಳಿದ್ದು ರೈತನ ಪ್ರಶ್ನೆಯೇ. ಒಳಗೆ ಬಿಟ್ಟ ಕಣ ಅಲ್ಲಿ ನಾಟಿ ಬೆಳೆಯುತ್ತದೆಯೋ, ಸಾಯುತ್ತದೆಯೋ? ಬಹಳಷ್ಟು ಸಾಯುತ್ತವೆ, ಉಳಿದವು ಏನು ಮಾಡುತ್ತವೆ ಎಂಬುದೇ ಇನ್ನೂ ಪೂರ್ತಿ ಗೊತ್ತಿಲ್ಲ ಎಂದರು ಡಾಕ್ಟರು. ನನಗೆ ತಡೆಯಲಾಗಲಿಲ್ಲ.

"ನಿಮ್ಮ ತಂದಿಯವ್ರಿಗೆ ಹಿಂಗ ಆಗಿದ್ರ ಮಾಡಸ್ತಿದ್ರೇನ್ರಿ?"

ಅವರಿಗೆ ಸಿಟ್ಟು ಬರಲಿಲ್ಲ. "ಇವತ್ತಿನ ಮಟ್ಟಿಗೆ ಮಾಡಸ್ತಿರಲಿಲ್ರಿ," ಎಂದರು.

ಧಾರವಾಡ ದಾಟಿ ಬರುವಾಗ ಕಿತ್ತೂರಿನಲ್ಲಿ ಚಹಾಕ್ಕೆ ಮೈದುನನ ಗಾಡಿ ನಿಲ್ಲಿಸಿದೆವು. ಮೈದುನ ಇನ್ನೂ ಒಪ್ಪಿರಲಿಲ್ಲ. ಒಬ್ಬ ಡಾಕ್ಟರ್ ಹೇಳಿದ್ದೇ ವೇದವಾಕ್ಯವೇ ಎಂದು ಗೊಣಗುತ್ತಿದ್ದ. ನಮ್ಮವರು ಚಹಾ ಕುಡಿದು ಕಪ್ಪು ಕೆಳಗಿಟ್ಟು, ಎಡಗೈಯನ್ನು ಬಲಗೈಯಿಂದ ಎತ್ತಿ ತೊಡೆಯ ಮೇಲೆ ಸರಿಯಾಗಿ ಇಟ್ಟುಕೊಂಡರು.

"ಹೆಸರಿಲ್ಲದ ಚೀಲದಾಗಿನ ಬೀಜ ನಾ ಎಂದಾರ ಬಿತ್ತೇನೇನು? ಬ್ಯಾಡ. ಮನಿಗೆ ನಡೀರಿ."

ಮೈದುನ ಅಣ್ಣನಿಗೆ ಎದುರು ಆಡುವವನಲ್ಲ. ಸಿಟ್ಟನ್ನು ನನ್ನ ಮೇಲೆ ತೀರಿಸಿಕೊಂಡ. ಮನೆಯ ಮುಂದೆ ಇಳಿಸಿ ಹೋಗುವಾಗ, "ವೈನಿ, ಅಣ್ಣನ ಕೈ ಬರೂದು ನಿಮಗ ಬ್ಯಾಡಾಗೇತಿ," ಎಂದ. ನನ್ನ ಬಾಯಿ ಜೋರು ಎಂದು ಊರಿಗೇ ಗೊತ್ತು. ಅವತ್ತು ಮಾತ್ರ ಒಳಗೆ ಹೋಗಿ ಬಚ್ಚಲಲ್ಲಿ ನಿಂತು ಅತ್ತೆ.

ಮರುದಿನದಿಂದ ಬೆಳಗಿನ ಪೂಜೆಯ ಹೊತ್ತಿಗೆ ನಾನೂ ಅವರ ಎದುರು ಕೂತೆ. ರೊಟ್ಟಿ ಸೊಸೆಗೆ ಬಿಟ್ಟೆ. ಅವಳ ರೊಟ್ಟಿ ಒಂದು ಕಡೆ ದಪ್ಪ, ಒಂದು ಕಡೆ ತೆಳ್ಳಗೆ, ಹೇಳಿದರೆ ಮುಖ ಊದಿಸುತ್ತಾಳೆ, ಇರಲಿ. ಫಿಜಿಯೋ ಹುಡುಗಿ ತೋರಿಸಿದಂತೆ ಮಣಿಕಟ್ಟು ಬಾಗಿಸುತ್ತಿದ್ದೆ, ಹೆಬ್ಬೆರಳು ಬಿಡಿಸುತ್ತಿದ್ದೆ, ಕಾಯುತ್ತಿದ್ದೆ. ಅಂಗೈ ತೆರೆದಾಗ ಕೆಳಗಿನಿಂದ ನನ್ನ ಅಂಗೈ ಆಸರೆ ಕೊಟ್ಟು ಸಮ ಮಾಡುತ್ತಿದ್ದೆ. ಲಿಂಗ ಅವರೇ ಇಡುತ್ತಿದ್ದರು. ಲಿಂಗದ ಕೆಳಗೆ ಅವರ ಅಂಗೈ, ಅದರ ಕೆಳಗೆ ನನ್ನದು. ಲಿಂಗಕ್ಕೆ ನನ್ನ ಕೈ ತಾಗುವುದಿಲ್ಲವಾದ್ದರಿಂದ ಅಜ್ಜನ ನೇಮಕ್ಕೆ ಭಂಗವಿಲ್ಲ ಎಂದು ಅವರೇ ತೀರ್ಮಾನ ಕೊಟ್ಟುಕೊಂಡರು. ಎರೆದ ನೀರು ಅವರ ಬೆರಳ ಸಂದಿಯಿಂದ ಇಳಿದು ನನ್ನ ಮೊಣಕೈ ತನಕ ಹರಿದು ಸೀರೆ ತೋಯಿಸುತ್ತಿತ್ತು. ನಾನು ಬೈಯುತ್ತಿದ್ದೆ, ಅವರು ಕಣ್ಣು ಮುಚ್ಚಿಕೊಂಡೇ ನಗುತ್ತಿದ್ದರು. ಮಳೆಗಾಲ ಹೋಯಿತು, ಜೋಳ ತೆನೆ ಹಿಡಿಯಿತು. ಬಿಗುವು ಒಂದು ದಿನ ಇಳಿದರೆ ಮರುದಿನ ಏರುತ್ತಿತ್ತು.

ಮೊನ್ನೆ ಸುಗ್ಗಿ ಮುಗಿದ ಮೇಲೆ ಒಂದು ಬೆಳಗ್ಗೆ, ಆಸರೆ ತೆಗೆ ಎಂದು ಕಣ್ಣಿನಿಂದಲೇ ಸನ್ನೆ ಮಾಡಿದರು. ನಾನು ಮೆಲ್ಲಗೆ ಕೈ ತೆಗೆದೆ. ಅಂಗೈ ನಿಂತಿತು. ತೆರೆದೇ ನಿಂತಿತು. ಅವರು ನೀರು ಎರೆದರು, ಭಸ್ಮ ಹಚ್ಚಿದರು. ಪತ್ರಿ ಏರಿಸಲು ಬಲಗೈ ಎತ್ತಿದಾಗ ಕಿರುಬೆರಳು ಮೊದಲು ಬಾಗಿತು, ಅದರ ಹಿಂದೆ ಉಳಿದವು ಹೊರಟವು. ಮತ್ತೆ ಮುಷ್ಟಿಯಾಗುವುದು ಇಬ್ಬರಿಗೂ ಕಂಡಿತು. ನಾನು ಕೆಳಗಿನಿಂದ ಆಸರೆ ಕೊಡಲು ಎಡಗೈ ಮುಂದೆ ಚಾಚಿದೆ.

ಅವರು ಪತ್ರಿ ಕೆಳಗಿಟ್ಟರು. ಬಲಗೈಯಿಂದ ಲಿಂಗ ಎತ್ತಿದರು. ಕರಡಿಗೆಯಲ್ಲಿ ಇಡುತ್ತಾರೆ ಎಂದುಕೊಂಡೆ. ಚಾಚಿದ್ದ ನನ್ನ ಅಂಗೈ ಮೇಲೆ ಇಟ್ಟರು. ನೀರಿನಿಂದ ತಣ್ಣಗಿತ್ತು, ಅಂದುಕೊಂಡದ್ದಕ್ಕಿಂತ ಭಾರವಿತ್ತು. ಪತ್ರಿ ತೆಗೆದುಕೊಂಡು, ಅಲ್ಲಿಯೇ ಏರಿಸಿ, ಪೂಜೆ ಮುಂದುವರಿಸಿದರು.

"ಕೈ ನಡಗಸಬ್ಯಾಡ," ಎಂದರು.

ನನ್ನ ಎರಡೂ ಕೈ ಗಟ್ಟಿಯಿವೆ, ಯಾವ ಲಕ್ವಾನೂ ಹೊಡೆದಿಲ್ಲ. ಆದರೂ ಪೂಜೆ ಮುಗಿಯುವ ತನಕ ಆ ನಡುಕ ನಿಲ್ಲಲಿಲ್ಲ.