ವಿಳಾಸದಮ್ಮ

ಕಾಲೇಜಿನ ಕಂಪ್ಯೂಟರ್ ವಿಭಾಗದಲ್ಲಿ ಕಿಟಕಿ ಪಕ್ಕ ಕೂರುವ ಆಕೆಗೆ ವಿದ್ಯಾರ್ಥಿಗಳು ಇಟ್ಟ ಹೆಸರು ವಿಳಾಸದಮ್ಮ. ಯಾರೇ ಬರಲಿ, ಯಂತ್ರದ ವಿಳಾಸ ತಂದಿದ್ದೀಯಾ ಎಂಬುದೇ ಆಕೆಯ ಮೊದಲ ಮಾತು. ಕ್ಯಾಂಪಸ್ಸಿನ ನೆಟ್‌ವರ್ಕಿಗೆ ಒಬ್ಬ ಕಾವಲುಗಾರನಿದ್ದಾನೆ, ಮನುಷ್ಯನಲ್ಲ, ಸಾಫ್ಟ್‌ವೇರು. ಫೋನು, ಲ್ಯಾಪ್‌ಟಾಪುಗಳಾದರೆ ಪಾಸ್‌ವರ್ಡ್ ಕೇಳಿ ಒಳಗೆ ಬಿಡುತ್ತಾನೆ. ವಿಡಿಯೋ ಗೇಮಿನ ಪೆಟ್ಟಿಗೆಗೆ ಪಾಸ್‌ವರ್ಡ್ ಹೇಳುವ ಬಾಯಿಲ್ಲ. ಅದರ ಹೊಟ್ಟೆಯೊಳಗಿನ ವಿಳಾಸವನ್ನು, ಅಂದರೆ ಅಂಕಿ ಅಕ್ಷರ ಬೆರೆತ ಉದ್ದನೆಯ ಸಂಖ್ಯೆಯನ್ನು, ಈಕೆಯೇ ನೋಂದಾಯಿಸಬೇಕು. ಇಷ್ಟನ್ನು ವಿವರಿಸಿ ವಿವರಿಸಿ ಆಕೆಗೆ ಸಾಕುಸಾಕಾಗಿತ್ತು.

ಹಾಸ್ಟೆಲ್ಲಿಗೆ ಹೊಸದಾಗಿ ಬಂದ ಹುಡುಗಿಯೊಬ್ಬಳು ತನ್ನ ಗೇಮಿನ ಪೆಟ್ಟಿಗೆಯ ವಿಳಾಸ ಬರೆದು ತಂದಳು: ಹಾಸ್ಟೆಲ್, ಎರಡನೇ ಮಹಡಿ, ಕಿಟಕಿ ಕೆಳಗಿನ ಮೇಜು. ಅಂಚೆಯಣ್ಣನನ್ನು ಕಳಿಸಲಾ ತಾಯೀ ಎಂದು ವಿಳಾಸದಮ್ಮ ಹಣೆ ಚಚ್ಚಿಕೊಂಡಳು.

ಮರುದಿನ ಹುಡುಗಿ ಸಂಖ್ಯೆಯನ್ನೇ ತಂದಳು, ಆದರೆ ವೈರಿನದ್ದು. ಒಂದೇ ಪೆಟ್ಟಿಗೆಗೆ ವೈರಿನ ಸಂಪರ್ಕಕ್ಕೊಂದು, ವೈಫೈಗೊಂದು ವಿಳಾಸ. ಹುಡುಗಿಯ ಕೋಣೆಯಲ್ಲಿ ವೈರೇ ಇಲ್ಲ! ಅದನ್ನೂ ತಿದ್ದಿದ್ದಾಯಿತು. ಕಾವಲುಗಾರ ಜಪ್ಪಯ್ಯ ಎಂದರೂ ಬಿಡಲಿಲ್ಲ. ಪೆಟ್ಟಿಗೆ ಆಫ್ ಮಾಡಿ ಆನ್ ಮಾಡಿದೆಯಾ ಎಂದರೆ, ಮಾಡಿದೆ ಮೇಡಂ ಎನ್ನುತ್ತಾಳೆ. ಹತ್ತು ಸಲ ಕೇಳಿದರೂ ಅದೇ ರಾಗ.

ಕೊನೆಗೆ ವಿಳಾಸದಮ್ಮನ ತಲೆ ಕೆಟ್ಟುಹೋಯಿತು. ಒಂದು ಆಟಕ್ಕೆ ಇಷ್ಟು ಗೋಳಾ, ಹೋಗಿ ಓದಿಕೋ ಎಂದು ರೇಗಿಯೇಬಿಟ್ಟಳು. ಹುಡುಗಿ ಅಲ್ಲಾಡಲಿಲ್ಲ.

"ಅಜ್ಜಿಗೆ ಕಿವಿ ಕೇಳಲ್ಲ ಮೇಡಂ, ಫೋನಲ್ಲಿ ಮಾತಾಡಕ್ಕಾಗಲ್ಲ. ಅವ್ರು ಮಾವನ ಮನೇಲಿದ್ದಾರೆ. ದಿನಾ ಸಂಜೆ ನಾವಿಬ್ರೂ ಕಾರ್ ರೇಸಲ್ಲೇ ಸಿಗ್ತಿದ್ವಿ. ಇಲ್ಲಿಗೆ ಬರೋ ಮುಂಚೆ ಕೊನೇ ಸಲ ಆಡಿದಾಗ ಅಜ್ಜಿ ನನ್ನ ಕಾರನ್ನ ಗುದ್ದಿ ಹಳ್ಳಕ್ಕೆ ಹಾಕಿದ್ರು. ಸಿಟ್ಟು ಬಂದು ಅರ್ಧಕ್ಕೇ ಎದ್ದುಬಿಟ್ಟೆ. ಇಲ್ಲಿ ನೆಟ್‌ವರ್ಕ್ ಸಿಕ್ಕಿಲ್ಲ ಅಂತ ಮಾವ ಬರೆದು ತೋರಿಸಿದ್ರೂ ನಂಬ್ತಿಲ್ವಂತೆ. ನಾನು ಮಾತು ಬಿಟ್ಟಿದೀನಿ ಅಂತ ಕೂತಿದಾರೆ."

ವಿಳಾಸದಮ್ಮನಿಗೆ ಪಿಚ್ಚೆನಿಸಿತು. ಆದರೂ ಸಂಜೆ ಗೊಣಗುತ್ತಲೇ ಚಪ್ಪಲಿ ಮೆಟ್ಟಿ ಹುಡುಗಿಯ ಹಿಂದೆ ಹಾಸ್ಟೆಲ್ಲಿಗೆ ನಡೆದಳು. ಎಲ್ಲಿ, ನನ್ನೆದುರು ಆಫ್ ಮಾಡು ನೋಡೋಣ ಎಂದಳು. ಹುಡುಗಿ ರಿಮೋಟ್ ಎತ್ತಿ ಟಿವಿ ಆರಿಸಿದಳು. ಪಕ್ಕದ ಪೆಟ್ಟಿಗೆಯ ದೀಪ ಹಾಗೇ ಉರಿಯುತ್ತಿತ್ತು.

ಅಯ್ಯೋ ಕರ್ಮವೇ, ಇಷ್ಟು ದಿನ ಆಫ್ ಆಗಿದ್ದು ಬರೀ ಟಿವಿ! ನೋಂದಾಯಿಸಿದ ಮೇಲೆ ಪೆಟ್ಟಿಗೆ ಒಮ್ಮೆಯೂ ಹೊಸದಾಗಿ ಬಾಗಿಲು ತಟ್ಟಿಯೇ ಇಲ್ಲ, ಕಾವಲುಗಾರನಾದರೂ ಹೇಗೆ ತೆರೆದಾನು? ವಿಳಾಸದಮ್ಮ ಬಗ್ಗಿ ಅದರ ಪ್ಲಗ್ಗನ್ನೇ ಕಿತ್ತಳು. ಸ್ವಲ್ಪ ಹೊತ್ತು ಬಿಟ್ಟು ಮತ್ತೆ ಚುಚ್ಚಿದಳು.

ಆಟ ತೆರೆದುಕೊಂಡಿತು. ರೇಸ್ ಶುರುವಾಗುವ ಗೆರೆಯಲ್ಲಿ ಅಜ್ಜಿಯ ಹಳದಿ ಕಾರು ಒಂದೇ ನಿಂತಿತ್ತು. ಹುಡುಗಿಯ ಕಣ್ಣು ತುಂಬಿ ಬಂತು. ಟಿವಿಯ ಹತ್ತಿರ ಹೋಗಿ, ಅಜ್ಜೀ ಎಂದು ಜೋರಾಗಿ ಕರೆದಳು.

"ಕೂಗಿದ್ರೆ ಕೇಳ್ಸುತ್ತಾ? ನಿನ್ನ ಕಾರಿನ ಲೈಟ್ ಹಾಕು ಮೊದ್ಲು," ವಿಳಾಸದಮ್ಮ ಗದರಿದಳು. "ಅಳೋದು ಆಮೇಲೆ."

ಹುಡುಗಿ ತನ್ನ ಕಾರನ್ನು ಗೆರೆಗೆ ತಂದು ಲೈಟು ಮಿನುಗಿಸಿದಳು. ಹಳದಿ ಕಾರು ನಿಧಾನಕ್ಕೆ ಹಿಂದೆ ಸರಿಯಿತು, ತಿರುಗಿತು, ಭರ್ರನೆ ಬಂದು ಮೊಮ್ಮಗಳ ಕಾರನ್ನು ಗುದ್ದಿ ಹಳ್ಳಕ್ಕೆ ಹಾಕಿತು.