ಕಿವಿ ಮುಚ್ಚಿಕೊಂಡ ರೇಣುಕಾ

ಶಾಲೆಯ ಹಿಂದೆ ಕಲ್ಲು ಕೊಯ್ಯುವ ಮಷೀನು ಶುರುವಾದದ್ದೇ ತಡ, ರೇಣುಕಾ ಎರಡೂ ಕಿವಿ ಮುಚ್ಚಿಕೊಂಡು ಚೀರತೊಡಗಿದಳು. ನಾನು ದಂಗಾದೆ. ಕಿವಿ ಕೇಳದ ಮಗು ಎಂದೇ ಅವಳನ್ನು ನನಗೆ ಒಪ್ಪಿಸಿದ್ದರು.

ಸುಮಾರು ಇಪ್ಪತ್ತು ವರ್ಷದ ಹಿಂದಿನ ಮಾತು. ಭಂಕೂರ ಸುತ್ತಲಿನ ಸರ್ಕಾರಿ ಶಾಲೆಗಳಿಗೆ ವಾರಕ್ಕೊಮ್ಮೆ ಹೋಗುವ ವಿಶೇಷ ಶಿಕ್ಷಕಿ ನಾನು. ನನ್ನ ತರಬೇತಿ, ಪರವಾನಗಿ ಎರಡೂ ಕಿವುಡು ಮಕ್ಕಳಿಗೆ ಕಲಿಸಲು ಮಾತ್ರ. ಕರೆದರೂ ತಿರುಗಿ ನೋಡದ ಈ ಹುಡುಗಿಗೆ ಆಟಿಸಂ ಇರಬೇಕೆಂದು ಆಗ ಹೊಳೆಯಿತು. ಅಂಥ ಮಕ್ಕಳಿಗೆ ಕಲಿಸುವ ಹುದ್ದೆಯೇ ನಮ್ಮ ಕಡೆ ಇರಲಿಲ್ಲ.

ಬಾಗಿಲಲ್ಲಿ ಕುಳಿತಿದ್ದ ಅವಳ ತಾಯಿಗೆ ಹೇಳಿದೆ: "ನಿನ್ನ ಮಗಳಿಗಿ ಕಿವಿ ಕೇಳಸ್ತದವ್ವ. ರೂಲ್ಸ್ ಪ್ರಕಾರ ಇನ್ನ ನಾ ಈಕಿಗಿ ಕಲಸೋಹಂಗಿಲ್ಲ."

ಅರಳಿದ ಆಕೆಯ ಮುಖ ಮರುಕ್ಷಣವೇ ಬಾಡಿತು. ನನ್ನ ಕೈ ಹಿಡಿದು ಅಳತೊಡಗಿದಳು. "ಹಂಗಾದ್ರ ಕೆಪ್ಪಿ ಅಂತನೇ ಇರಲ್ರಿ ಟೀಚರ್. ನೀವು ಬರೋದೊಂದು ಬಿಡಬ್ಯಾಡ್ರಿ."

ನಾನು ಯಾರಿಗೂ ಹೇಳಲಿಲ್ಲ, ಹೋಗುವುದನ್ನೂ ಬಿಡಲಿಲ್ಲ. ಆ ಸುಳ್ಳಿನ ಬಗ್ಗೆ ನನಗೆ ಬೇಸರವಿಲ್ಲ. ಮಗಳಿಗೆ ಕಿವಿ ಕೇಳಿಸುತ್ತದೆ ಎಂಬುದಕ್ಕೆ ತಾಯಿಯೊಬ್ಬಳು ಅಳುವಂತೆ ಮಾಡಿದ ಆ ನಿಯಮದ ಮೇಲೆ ಮಾತ್ರ ಸಿಟ್ಟು ಇನ್ನೂ ಇಳಿದಿಲ್ಲ.